ಬಿರಡೆ ನೋಡುವ ಕನ್ನಡಿ

ನವೆಂಬರ್ 4, ಸೋಮವಾರ

ಐವತ್ಮೂರನೇ ವಯಸ್ಸಿಗೆ ಟಾರ್ಚು ಹಿಡಿಯುವ ಕೆಲಸ ಸಿಕ್ಕಿತು. ಇಡೀ ದಿನ ಮಾಡಿದ್ದು ಅಷ್ಟೇ. ಎಪ್ಪತ್ತೊಂದು ವರ್ಷದ ಮುದುಕನೊಬ್ಬ ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದ್ದ, ನಾನು ಅವನ ಮೂಗಿಗೆ ಬೆಳಕು ಬಿಡುತ್ತ ಕೂತಿದ್ದೆ.

ಸಿಟ್ಟು ಬರುವುದು ಅದಕ್ಕಲ್ಲ. ಅಲ್ಲಿ ನೇತಾಡುತ್ತಿದ್ದದ್ದು ಗ್ರೈಂಡರ್. ಈ ಊರಿನಲ್ಲಿ ಆಲೂಗಡ್ಡೆ ಸಿಪ್ಪೆಯನ್ನು ಯಾರೂ ಬುಟ್ಟಿಗೆ ಹಾಕುವುದಿಲ್ಲ. ಸಿಂಕಿನ ತೂತಿಗೆ ತಳ್ಳಿ ಸ್ವಿಚ್ಚು ಒತ್ತಿದರೆ ಕೆಳಗಿನ ಗ್ರೈಂಡರ್ ನುಣ್ಣಗೆ ಅರೆದು ಮೋರಿಗೆ ಬಿಡುತ್ತದೆ. ಅಂಥ ಗ್ರೈಂಡರ್ ತಯಾರಾಗುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ಪ್ರತಿ ಗ್ರೈಂಡರಿನ ಪಕ್ಕೆಯಲ್ಲಿ ಒಂದು ಗಿಡ್ಡ ಮೂತಿ ಇರುತ್ತದೆ, ಆ ಮೂತಿಯೊಳಗೆ ಒಂದು ಬಿರಡೆ. ನೀರು ತುಂಬಿ ಒತ್ತಡ ಕೊಟ್ಟು, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಹಿಂಬದಿಗೆ ಚಾಚಿ, ಬಿರಡೆಯ ಸುತ್ತ ಒಂದು ಹನಿಯೂ ಜಿನುಗಿಲ್ಲ ಎಂದು ನೋಡಿ ಮುದ್ರೆ ಒತ್ತುವುದು ನನ್ನ ಕೆಲಸ. ದಿನಕ್ಕೆ ನಾನೂರು. ಕಳೆದ ಮಾರ್ಚಿನಲ್ಲಿ ನನ್ನ ಕುರ್ಚಿಯ ಜಾಗಕ್ಕೆ ತಾನೇ ಪರೀಕ್ಷೆ ಮಾಡಿಕೊಳ್ಳುವ ಯಂತ್ರ ಬಂತು. ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಯಾರೂ ಕೇಳಲಿಲ್ಲ. ಈಗ ಅದು ನಮ್ಮ ಅಡುಗೆಮನೆ ಡ್ರಾಯರಿನಲ್ಲಿ ಚಮಚಗಳ ಜೊತೆ ಬಿದ್ದಿದೆ.

ಇಷ್ಟೆಲ್ಲ ಮಾಡಿದವಳಿಗೆ ರಾಸ್ಕೊ ಎಂಬ ಈ ರಿಪೇರಿ ಮುದುಕ ಹೇಳುತ್ತಾನೆ: “ಟಾರ್ಚು ಸ್ವಲ್ಪ ಎಡಕ್ಕೆ ಹಿಡಿಯಮ್ಮ. ನೋಡ್ತಾ ಇರು, ಕಲೀತೀಯ.”

ಈ ನಲವತ್ತೆಂಟು ಫ್ಲ್ಯಾಟುಗಳ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕ್ಯಾಂಡೇಸ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬೆಳಿಗ್ಗೆ ಆಫೀಸಿನ ಬಾಗಿಲು ಮುಂದೆ ಮಾಡಿ ಹೇಳಿದಳು: “ಒಂದು ತಿಂಗಳು ಪ್ರೊಬೇಷನ್, ಆರ್ಲಿಸ್. ರಾಸ್ಕೊಗೆ ಮೊಣಕಾಲು ಪೂರ್ತಿ ಹೋಗಿದೆ. ಇಬ್ಬರನ್ನ ಇಟ್ಕೊಳ್ಳೋ ಮಾತಿಲ್ಲ. ಅರ್ಥ ಆಯ್ತಲ್ಲ?”

ಅರ್ಥವಾಗದೆ ಏನು. ಡಿಸೆಂಬರ್ ಹೊತ್ತಿಗೆ ಮುದುಕನ ಜಾಗ ನನ್ನದು. ಅಲ್ಲಿಯವರೆಗೆ ಟಾರ್ಚು ಹಿಡಿಯುತ್ತೇನೆ.

ನವೆಂಬರ್ 5, ಮಂಗಳವಾರ

ಟಾರ್ಚು. ಕೈ ಸೋತಿತು. ಅವನು ಸಿಂಕಿನ ಕೆಳಗೆ ಚರ್ಚಿನ ಹಾಡು ಗುನುಗುತ್ತಾನೆ, ಅದೂ ಅದೇ ಒಂದು ಸಾಲನ್ನು.

ನವೆಂಬರ್ 8, ಶುಕ್ರವಾರ

ಇಪ್ಪತ್ತೊಂದನೇ ಫ್ಲ್ಯಾಟಿನಲ್ಲಿ ಗ್ರೈಂಡರ್ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲೇ ನಿಂತು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು.

ನಾನಾಗಿದ್ದರೆ ನೇರ ಕೈ ಹಾಕುತ್ತಿದ್ದೆ. ರಾಸ್ಕೊ ಮೊದಲು ಕರೆಂಟು ತೆಗೆಸಿದ. ಆಮೇಲೆ ಕೆಳಗೆ ಮಲಗಿ, ಗ್ರೈಂಡರಿನ ತಳದಲ್ಲಿರುವ ತೂತಿಗೆ ಎಲ್ ಆಕಾರದ ಕೀಲಿ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತ, ಒಂದು ಮರದ ಸೌಟಿನ ತುದಿಯನ್ನು ಅದರ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟ. ಡಾಕ್ಟರು ಎದೆ ನೋಡಿದ ಹಾಗೆ. ನನಗೆ ನಗು ತಡೆಯಲಾಗಲಿಲ್ಲ.

“ಚಮಚ ಅಲ್ಲ. ಗಾಜು,” ಎಂದ.

ಇಕ್ಕಳದಲ್ಲಿ ಎತ್ತಿದಾಗ ಬಂದದ್ದು ಗಾಜೇ. ಪುಟ್ಟ ವಿಸ್ಕಿ ಲೋಟದ ಅಂಚು. ಗಂಡನ ಮುಖ ಬಿಳಿಚಿಕೊಂಡಿತು. ಅವನು ಕುಡಿಯುವುದನ್ನು ಬಿಟ್ಟಿದ್ದಾನೆ ಎಂದು ಆ ಹೆಂಗಸು ಐದು ನಿಮಿಷ ಮೊದಲಷ್ಟೇ ಹೇಳಿದ್ದಳು. ರಾಸ್ಕೊ ಚೂರನ್ನು ಅಂಗೈಯಲ್ಲಿ ಮುಚ್ಚಿ, “ಏನೋ ಚೂರು ಸಿಕ್ಕಿತ್ತು, ಹೋಯ್ತು,” ಎಂದು ಜೇಬಿಗೆ ಹಾಕಿದ.

ಹೊರಗೆ ಬಂದ ಮೇಲೆ ಕೇಳಿದೆ: “ಆ ಹೆಂಗಸು ಸುಮ್ನೆ ಬೈಸ್ಕೊಂಡ್ಳು. ನೀವು ಹೇಳಬೇಕಿತ್ತು.”

“ನಾವು ಬಂದಿದ್ದು ಗ್ರೈಂಡರ್ ರಿಪೇರಿಗೆ ಕಣಮ್ಮ, ಸಂಸಾರ ರಿಪೇರಿಗಲ್ಲ. ಅವನ ಮುಖ ನೋಡಿದ್ಯಾ? ಇವತ್ತು ರಾತ್ರಿ ಅವನೇ ಹೇಳ್ತಾನೆ. ಹೇಳ್ಲಿಲ್ಲ ಅಂದ್ರೆ ಅದು ಅವನ ಹಣೆಬರಹ.”

ಸಂಜೆ ಥೋರಕ್ಕನ ಜೊತೆ ಮೀನು ತಿನ್ನಲು ಹೋದೆ. ಅವಳಿಗೂ ಹೇಳಿದೆ. “ಮುದುಕ ಬಲೇ ಘಾಟಿ,” ಎಂದಳು. ತನ್ನ ಗಂಡ ತೀರಿಹೋದ ಮೇಲೆ ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ. ಅವಳ ಮಟ್ಟಿಗೆ ಘಾಟಿ ಎಂದರೆ ಹೊಗಳಿಕೆ.

ನವೆಂಬರ್ 13, ಬುಧವಾರ

ಇವತ್ತು ನನ್ನ ಕೈಗೆ ಸ್ಪ್ಯಾನರ್ ಕೊಟ್ಟ. ಮಾನ ಹೋಯಿತು.

ಎರಡನೇ ಫ್ಲ್ಯಾಟು, ಹಳೇ ಭಾಗದ್ದು, ಡಿಶ್‌ವಾಶರ್ ಕೂಡ ಇಲ್ಲದ ಬಡಪಾಯಿ ಅಡುಗೆಮನೆ. ಗ್ರೈಂಡರಿನ ತಳಕ್ಕೆ ತುಕ್ಕು ಹಿಡಿದು ನೀರು ತೊಟ್ಟಿಕ್ಕುತ್ತಿತ್ತು. ಹಳೆಯದನ್ನು ಬಿಚ್ಚಿದ್ದೇನೋ ಸರಿ, ಹೊಸದನ್ನು ಸಿಂಕಿನ ತಳಕ್ಕೆ ಅಂಟಿದ ಮೇಲಿನ ಬಳೆಗೆ ಸಿಕ್ಕಿಸುವುದು ಆಗಲಿಲ್ಲ. ಮಲಗಿಕೊಂಡು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಿರುಗಿಸಬೇಕು. ಎತ್ತಿದರೆ ತಿರುಗಿಸಲು ಕೈಯಿಲ್ಲ, ತಿರುಗಿಸಿದರೆ ಎತ್ತಲು ಕೈಯಿಲ್ಲ. ಎರಡು ಸಲ ಎದೆಯ ಮೇಲೆ ಬಿತ್ತು. ಲೆಕ್ಕ ಹಾಕಿದರೆ ಇಪ್ಪತ್ತು ಲಕ್ಷ ಗ್ರೈಂಡರು ನನ್ನ ಮುಂದೆ ಹಾದು ಹೋಗಿರಬೇಕು. ಎಲ್ಲವೂ ಕಾರ್ಖಾನೆಯ ಓಡುವ ಪಟ್ಟಿಯ ಮೇಲೆ ತಾವೇ ನಡೆದು ಬರುತ್ತಿದ್ದವು. ಅದರ ಭಾರ ಎಷ್ಟು ಅಂತ ಇವತ್ತು ಗೊತ್ತಾಯಿತು.

ರಾಸ್ಕೊ ಒಂದು ಖಾಲಿ ಬಣ್ಣದ ಡಬ್ಬ ತಂದು ಕೆಳಗೆ ಇಟ್ಟ, ಅದರ ಮೇಲೆ ಎರಡು ದಪ್ಪ ಪುಸ್ತಕ, ಅದರ ಮೇಲೆ ಗ್ರೈಂಡರು. “ಭಾರಾನ ಕೈಯಲ್ಲಿ ಹೊರಬಾರದು ಕಣಮ್ಮ. ಕೆಳಗೆ ಏನಾದ್ರೂ ಕೊಡು. ಕೈ ಇರೋದು ತಿರುಗ್ಸೋಕೆ.” ಒಂದು ಸುತ್ತು, ಟಕ್ಕೆಂದು ಕೂತಿತು.

ಆಮೇಲೆ ಒಣ ನ್ಯೂಸ್‌ಪೇಪರ್ ಹಾಳೆಯನ್ನು ಕೆಳಗೆ ಹಾಸಿ, ಸಿಂಕು ತುಂಬಿಸಿ ನೀರು ಬಿಟ್ಟು, ಅರವತ್ತರವರೆಗೆ ಎಣಿಸಿದ. ನಲವತ್ತೊಂದಕ್ಕೆ ಹಾಳೆಯ ಮೇಲೆ ಒಂದು ಹನಿ. ನೀರು ಜಿನುಗದಂತೆ ಸಂದಿಗೆ ಮೆತ್ತುವ ಪುಟ್ಟಿಯನ್ನು ನಾನು ಕಡಿಮೆ ಹಾಕಿದ್ದೆ. ಮತ್ತೆ ಬಿಚ್ಚಿಸಿದ. ಎರಡನೇ ಸಲ ಐವತ್ತೇಳಕ್ಕೆ. ಮತ್ತೆ ಬಿಚ್ಚಿಸಿದ.

ಮೂರನೇ ಸಲ ಹಾಳೆ ಒಣಗಿಯೇ ಇತ್ತು. ಸ್ವಿಚ್ಚಿಗೆ ಕೈ ಚಾಚಿದೆ. ಅವನು ನನ್ನ ಕೈ ತಡೆದು ಮನೆಯಾಕೆಯನ್ನು ಕರೆದ. “ನೀವೇ ಒತ್ತಿ. ನಾಳೆಯಿಂದ ಇದರ ಜೊತೆ ಬಾಳೋರು ನೀವು.”

ಕೆಲಸದ ಚೀಟಿಯಲ್ಲಿ ಎರಡು ಗೆರೆ ಇರುತ್ತವೆ. ‘ಮಾಡಿದವರು’ ಎಂಬಲ್ಲಿ ನಾನು ಮೊದಲ ಸಲ ಸಹಿ ಹಾಕಿದೆ. ‘ನೋಡಿದವರು’ ಎಂಬಲ್ಲಿ ಅವನು ಹಾಕಬೇಕು. ಹಾಕುವ ಮೊದಲು ಆ ಮೊಣಕಾಲು ಇಟ್ಟುಕೊಂಡು ಕೆಳಗೆ ಇಳಿದ, ಮತ್ತೊಮ್ಮೆ ಎಲ್ಲ ನೋಡಿದ, ಏಳುವಾಗ ಸಿಂಕಿನ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡ. ಮೂರು ಸಲ ನೋಡಿ ಆಗಿತ್ತಲ್ಲ, ನಾಲ್ಕನೆಯದು ಯಾಕೆ ಬೇಕಿತ್ತೋ.

ನವೆಂಬರ್ 14, ಗುರುವಾರ

ಮಣಿಕಟ್ಟು ಊದಿಕೊಂಡಿದೆ. ಬರೆಯಲಾಗುವುದಿಲ್ಲ.

ನವೆಂಬರ್ 19, ಮಂಗಳವಾರ

ಒಂದು ವಿಷಯ ಬರೆದಿಡಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ.

ಸಿಂಕಿನ ಕೆಳಗಿನ ಕಪಾಟಿನಲ್ಲಿ ಜನ ಏನೇನೋ ತುಂಬಿರುತ್ತಾರೆ. ಸೋಪಿನ ಡಬ್ಬ, ಹಳೇ ಸ್ಪಂಜು, ಯಾರಿಗೂ ಕಾಣಬಾರದೆಂದು ಬಚ್ಚಿಟ್ಟ ಚಾಕೊಲೇಟು. ಕೆಲಸಕ್ಕೆ ಮೊದಲು ಅದನ್ನೆಲ್ಲ ಹೊರಗೆ ತೆಗೆಯಬೇಕು. ನಾನು ಬಾಚಿ ಎಳೆಯುತ್ತೇನೆ. ರಾಸ್ಕೊ ಒಂದೊಂದಾಗಿ ತೆಗೆದು ನೆಲದ ಮೇಲೆ ಅದೇ ಸಾಲಿನಲ್ಲಿ ಇಡುತ್ತಾರೆ. ಕೆಲಸ ಮುಗಿದ ಮೇಲೆ ಕಪಾಟು ಒರೆಸಿ, ಯಾವುದು ಎಲ್ಲಿತ್ತೋ ಅಲ್ಲೇ, ಯಾವ ಮುಖ ಹೊರಗಿತ್ತೋ ಅದೇ ಮುಖ ಹೊರಗೆ. ಇವತ್ತು ಮೂವತ್ತಮೂರನೇ ಫ್ಲ್ಯಾಟಿನಲ್ಲಿ ಕಣ್ಣು ಕಾಣದ ಒಬ್ಬರಿದ್ದರು. ನಾವು ಹೊರಡುವಾಗ ಆತ ಕಪಾಟಿಗೆ ಕೈ ಹಾಕಿ, ಸೋಪಿನ ಡಬ್ಬ ಸಿಕ್ಕಿದ್ದೇ ತಡ, “ಓ, ರಾಸ್ಕೊ ಬಂದಿದ್ದು!” ಎಂದರು. ಅಲ್ಲಿಯವರೆಗೆ ಬಂದವರು ಯಾರೆಂದು ಅವರು ಕೇಳಿಯೂ ಇರಲಿಲ್ಲ.

ಕಾರ್ಖಾನೆಯಲ್ಲಿ ನಾವೆಲ್ಲ ಗ್ರೈಂಡರನ್ನು ನೋಡಿದ್ದೆವು. ಅದು ನೇತಾಡುವ ಮನೆಯನ್ನು ಯಾರೂ ನೋಡಿರಲಿಲ್ಲ. ಇಂಥವರ ಹತ್ತಿರ ಕಲಿಯುವುದಕ್ಕೆ ನನಗೆ ಐವತ್ಮೂರು ವರ್ಷ ಬೇಕಾಯಿತೇ ಎಂದು ಬೇಜಾರೂ ಆಯಿತು, ಖುಷಿಯೂ ಆಯಿತು.

ಹದಿನಾಲ್ಕನೇ ಫ್ಲ್ಯಾಟಿನ ಮಿಸೆಸ್ ಜೀಲ್ಕೆ ಆಫೀಸಿಗೇ ಬಂದಿದ್ದರು. ಎಂಬತ್ತು ದಾಟಿದೆ, ದನಿ ಮಾತ್ರ ಕಹಳೆ. “ನನ್ನ ಗ್ರೈಂಡರ್ ಸುಟ್ಟು ಹೋಗಿದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಹದಿನಾಲ್ಕು ಜನ ಬರ್ತಾರೆ. ಹಬ್ಬದ ಹಿಂದಿನ ದಿನದೊಳಗೆ ಹೊಸದು ಹಾಕ್ತೀರೋ, ಇಲ್ಲ ಸಿಪ್ಪೆ ಎಲ್ಲಾ ನಿಮ್ಮ ಆಫೀಸಿಗೆ ತಂದು ಸುರೀಲೋ?”

ಕ್ಯಾಂಡೇಸ್ ನಗಲಿಲ್ಲ. ರಾಸ್ಕೊ ನಕ್ಕರು.

ನವೆಂಬರ್ 25, ಸೋಮವಾರ

ಹಿಮ. ಸರೋವರದ ಕಡೆಯಿಂದ ಗಾಳಿ. ರಾಸ್ಕೊ ಕೋಲು ಹಿಡಿದು ಬಂದರು. ಕ್ಯಾಂಡೇಸ್ ಕಿಟಕಿಯಿಂದ ನೋಡುತ್ತಿದ್ದಳು.

ನವೆಂಬರ್ 27, ಬುಧವಾರ

ಇವತ್ತಿನದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಹದಿನಾಲ್ಕರ ಗ್ರೈಂಡರು ಪೂರ್ತಿ ನಾನೊಬ್ಬಳೇ ಹಾಕಿದೆ.

ರಾಸ್ಕೊ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಕರೆಂಟು ತೆಗೆದೆ, ಹಳೆಯದನ್ನು ಇಳಿಸಿದೆ, ಪುಟ್ಟಿ ಧಾರಾಳವಾಗಿ ಹಾಕಿದೆ, ಡಬ್ಬ ಪುಸ್ತಕ ಕೊಟ್ಟು ಎತ್ತರ ಮಾಡಿ ಒಂದೇ ಸುತ್ತಿಗೆ ಕೂರಿಸಿದೆ. ತಂತಿ ಬಿಗಿದೆ. ಮೋರಿಯ ಪೈಪು ಸೇರಿಸಿದೆ. ಡಿಶ್‌ವಾಶರಿನಿಂದ ಬರುವ ರಬ್ಬರ್ ಪೈಪನ್ನು ಪಕ್ಕದ ಮೂತಿಗೆ ಹಾಕಿ ಕ್ಲಿಪ್ಪು ಬಿಗಿದೆ. ಹಾಳೆ ಹಾಸಿ ಅರವತ್ತು ಎಣಿಸಿದೆ. ಒಂದು ಹನಿ ಇಲ್ಲ!

ರಾಸ್ಕೊ ಏಳಲು ಕುರ್ಚಿಯ ಕೈ ಹಿಡಿದರು. ಮುಖ ಕಿವುಚಿಕೊಂಡಿತು.

“ಕೂತ್ಕೊಳ್ಳಿ,” ಎಂದೆ. “ಇಪ್ಪತ್ತು ಲಕ್ಷ ನನ್ನ ಕೈಮೇಲೆ ಹೋಗಿವೆ. ಇದೊಂದಕ್ಕೆ ನೀವು ಬಗ್ಗಬೇಕಾ?”

“ಎಲ್ಲಾ ಆಯ್ತಾ?”

“ಎಲ್ಲಾ ಆಯ್ತು.”

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೂತಲ್ಲೇ ಚೀಟಿ ಇಸಿದುಕೊಂಡು ‘ನೋಡಿದವರು’ ಗೆರೆಯ ಮೇಲೆ ಸಹಿ ಹಾಕಿದರು. ಮಿಸೆಸ್ ಜೀಲ್ಕೆ ಸ್ವಿಚ್ಚು ಒತ್ತಿ, ಒಂದು ಹಿಡಿ ಕ್ಯಾರೆಟ್ ಸಿಪ್ಪೆ ಹಾಕಿ, ಅದು ಹೋದದ್ದು ನೋಡಿ ನನ್ನ ಕೆನ್ನೆಗೆ ಮುತ್ತು ಕೊಟ್ಟರು. ಜೊತೆಗೆ ಕ್ರಿಂಗಲ್ ಎಂಬ ಬಳೆಯಾಕಾರದ ಸಿಹಿ ರೊಟ್ಟಿಯ ಅರ್ಧ ಕಟ್ಟಿಕೊಟ್ಟರು, ಪೆಕಾನ್ ಬೀಜದ್ದು. ದಾರಿಯಲ್ಲೇ ತಿಂದು ಮುಗಿಸಿದೆ. ಇಂಥ ಬುಧವಾರ ಬಂದು ಎಷ್ಟು ವರ್ಷವಾಯಿತೋ.

ನವೆಂಬರ್ 28, ಗುರುವಾರ, ಹಬ್ಬ

ಥೋರಕ್ಕ ಬೆಂದ ಟರ್ಕಿ ಕೋಳಿಯನ್ನು ಹೋಳು ಮಾಡುತ್ತಿದ್ದಳು. ನಾಲ್ಕು ಗಂಟೆಗೆ ಫೋನು ಬಂತು. ಹದಿನಾಲ್ಕರ ಅಡುಗೆಮನೆಯಲ್ಲಿ ನೀರು, ಕೆಳಗೆ ಎಂಟರ ಚಾವಣಿಯಿಂದಲೂ ನೀರು.

ನಾನು ಹೋಗುವಷ್ಟರಲ್ಲಿ ರಾಸ್ಕೊ ಹಬ್ಬದ ಸೂಟಿನಲ್ಲೇ ನೆಲದ ಮೇಲೆ ಮಲಗಿದ್ದರು. ಪ್ಯಾಂಟು ತೊಯ್ದಿತ್ತು. ಹದಿನಾಲ್ಕು ಜನ ನೆಂಟರು ಟವಲು ಹಿಂಡುತ್ತಿದ್ದರು. ಊಟದ ತಟ್ಟೆಗಳನ್ನೆಲ್ಲ ತುಂಬಿ ಡಿಶ್‌ವಾಶರ್ ಹಾಕಿದ್ದಾರೆ, ಅದರ ಕೊಳೆನೀರು ಹೊರಗೆ ಹೋಗಲು ದಾರಿಯಿಲ್ಲದೆ ಹಳೇ ರಬ್ಬರ್ ಪೈಪು ಬಿರಿದಿದೆ.

ರಾಸ್ಕೊ ಪೈಪು ಎಳೆದು ಗ್ರೈಂಡರಿನ ಪಕ್ಕದ ಮೂತಿಗೆ ಟಾರ್ಚು ಬಿಟ್ಟರು. ಆಮೇಲೆ ನನ್ನ ಕಡೆ ನೋಡಿದರು. ಸ್ಕ್ರೂಡ್ರೈವರ್ ಒಳಗಿಟ್ಟು ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟರು. ಗ್ರೈಂಡರಿನ ಹೊಟ್ಟೆಯೊಳಗೆ ಏನೋ ಟಣ್ಣೆಂದು ಬಿತ್ತು. ಅದನ್ನು ಮೇಲಿನಿಂದ ಇಕ್ಕಳದಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದರು.

ಬಿರಡೆ.

ಡಿಶ್‌ವಾಶರ್ ಇಲ್ಲದ ಮನೆಗೆ ಆ ಬಿರಡೆ ಬೇಕು, ಇರುವ ಮನೆಯಲ್ಲಿ ಪೈಪು ಸೇರಿಸುವ ಮೊದಲು ಅದನ್ನು ಒಡೆದು ತೆಗೆಯಬೇಕು. ಜೊತೆಗೆ ಬರುವ ಕಾಗದದ ಎರಡನೇ ಪುಟದಲ್ಲೇ ಬರೆದಿದೆ. ಆ ಕಾಗದ ಓದುವವರು ಗ್ರೈಂಡರು ಗೊತ್ತಿಲ್ಲದವರು ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಈ ಬಿರಡೆ ಅಲುಗಬಾರದು ಎಂದು ಕಾದವಳು ನಾನು. ನಿನ್ನೆಯೂ ಪೈಪು ಹಾಕುವ ಮೊದಲು ಅದನ್ನು ಬೆರಳಿನಿಂದ ಒತ್ತಿ ನೋಡಿದ್ದೆ. ಭದ್ರವಾಗಿದೆ ಎಂದು ಖುಷಿಪಟ್ಟಿದ್ದೆ.

ಕ್ಯಾಂಡೇಸ್ ಚೀಟಿ ಹಿಡಿದುಕೊಂಡೇ ಬಂದಳು. ಎಂಟರ ಡೆಲ್ಫೀನ್ ಅವಳ ಹಿಂದೆಯೇ ಒದ್ದೆ ತಲೆಯಲ್ಲಿ ಕೂಗುತ್ತ ಬಂದಳು. ಕ್ಯಾಂಡೇಸ್ ಕೇಳಿದ್ದು ರಾಸ್ಕೊ ಅವರನ್ನು. “ನೋಡಿದೆ ಅಂತ ಸಹಿ ಹಾಕಿದೀರಲ್ಲ? ಏನು ನೋಡಿದ್ರಿ?”

“ಸಹಿ ನಂದೇ,” ಎಂದರು ರಾಸ್ಕೊ. ಅಷ್ಟೇ.

ನಾನು ಮುಷ್ಟಿ ಬಿಗಿ ಮಾಡಿಕೊಂಡು ನಿಂತಿದ್ದೆ. ಹೊರಗೆ ಕಾರಿನ ಹತ್ತಿರ ಕ್ಯಾಂಡೇಸ್ ಮೆಲ್ಲಗೆ ಹೇಳಿದಳು: “ಹೊಸಬಳು ತಪ್ಪು ಮಾಡೋದು ಸಹಜ. ಅದನ್ನ ಹಿಡೀಬೇಕಾದ್ದು ಅವರು. ಸೋಮವಾರ ಅವರಿಗೆ ಕೆಲಸ ಬಿಡೋಕೆ ಹೇಳಿಬಿಡ್ತೀನಿ. ನಿನ್ನ ಕೆಲಸ ಪರ್ಮನೆಂಟು.”

ಬಿರಡೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ನವೆಂಬರ್ 29, ಶುಕ್ರವಾರ

ಹಬ್ಬದ ಮಾರನೇ ದಿನ. ಹನ್ನೊಂದು ಕರೆ. ಆಲೂಗಡ್ಡೆ ಸಿಪ್ಪೆ, ಸೆಲರಿ ನಾರು, ಹೆಪ್ಪುಗಟ್ಟಿದ ಕೊಬ್ಬು, ಒಂದು ಮನೆಯಲ್ಲಿ ಟರ್ಕಿ ಕೋಳಿಯ ಇಡೀ ಕತ್ತು.

ಎಲ್ಲ ಕಡೆ ರಾಸ್ಕೊ ನಿನ್ನೆಯದನ್ನು ಬಿಟ್ಟು ಬೇರೆಲ್ಲ ಮಾತಾಡಿದರು. ಮಧ್ಯಾಹ್ನ ವ್ಯಾನಿನಲ್ಲಿ ಅವರ ಹೆಂಡತಿ ಕಳಿಸಿದ ಸಿಹಿಗೆಣಸಿನ ಪೈ ಬಿಚ್ಚಿ ದೊಡ್ಡ ತುಂಡು ನನಗೆ ಕೊಟ್ಟರು. “ತಿನ್ನಮ್ಮ. ನಮ್ಮಾಕೆ ಕೇಳ್ತಾಳೆ, ಚೆನ್ನಾಗಿತ್ತಾ ಅಂತ.”

ಒಂದು ತುತ್ತು ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟೆ. ಚೆನ್ನಾಗಿತ್ತು ಎಂದೆ.

ನವೆಂಬರ್ 30, ಶನಿವಾರ

ಬಿರಡೆ ಕೋಟಿನ ಜೇಬಿನಲ್ಲೇ ಇದೆ.

ಡಿಸೆಂಬರ್ 1, ಭಾನುವಾರ

ಥೋರಕ್ಕನಿಗೆ ಹೇಳಿದೆ.

“ನೀನೇನು ಕೇಳಿದ್ಯಾ? ಆ ಹುಡುಗಿ ತಾನಾಗೇ ಕೊಟ್ಳು,” ಎಂದಳು. “ಎಂಟು ತಿಂಗಳು ಮನೇಲಿ ಕೂತಿದ್ದೆ. ಕಿಟಕಿ ಪರದೇನ ಎಷ್ಟು ಸಲ ಒಗೆದೆ ಅಂತ ನಂಗೊತ್ತು. ಬಾಯಿ ಮುಚ್ಕೊಂಡಿರು.”

ಸರಿ ಎಂದೆ. ಮುಚ್ಚಿಕೊಂಡಿದ್ದೇನೆ. ರಾಸ್ಕೊ ಅವರಿಗೂ ಎಪ್ಪತ್ತೊಂದು, ಇಂದಲ್ಲ ನಾಳೆ ಬಿಡಲೇಬೇಕು. ಸಹಿ ಹಾಕಿದ್ದು ಅವರೇ, ನಾನು ಕೈ ಹಿಡಿದು ಹಾಕಿಸಲಿಲ್ಲ.

ಇದನ್ನು ಬರೆದು ಓದಿದರೆ ಬೇರೆ ಯಾರೋ ಬರೆದಂತಿದೆ. ಕೂತ್ಕೊಳ್ಳಿ ಎಂದವಳು ನಾನೇ.

ಡಿಸೆಂಬರ್ 2, ಸೋಮವಾರ

ಏಳೂವರೆಗೆ ಆಫೀಸಿಗೆ ಹೋಗಿ ಬಿರಡೆಯನ್ನು ಕ್ಯಾಂಡೇಸಳ ಮೇಜಿನ ಮೇಲೆ ಇಟ್ಟೆ.

“ಇದನ್ನ ತೆಗೀಬೇಕಿತ್ತು. ನಾನು ತೆಗೀಲಿಲ್ಲ. ಅವರು ನೋಡೋಕೆ ಎದ್ದರು. ಬೇಡ, ಕೂತ್ಕೊಳ್ಳಿ, ನಂಗೊತ್ತು ಅಂತ ಜಂಬ ಕೊಚ್ಚಿದ್ದು ನಾನು.”

ಅವಳು ಬಿರಡೆಯನ್ನು ಪೆನ್ನಿನಿಂದ ಆಚೆ ಈಚೆ ತಳ್ಳಿದಳು. “ಇದನ್ನ ಗುರುವಾರ ಯಾಕೆ ಹೇಳ್ಲಿಲ್ಲ?”

“ಕೆಲಸ ಬೇಕಿತ್ತು.”

“ಈಗ ಬೇಡ್ವಾ?”

“ಬೇಕು,” ಎಂದೆ. ಅಳು ಬಂತು. ಆ ಹುಡುಗಿಯ ಮುಂದೆ ಅಳಬಾರದು ಎಂದುಕೊಂಡಿದ್ದೆ, ಆದರೂ ಬಂತು.

ಅವಳು ಮೇಜಿನ ಮೇಲಿದ್ದ ಕಾಗದವೊಂದನ್ನು ಎಳೆದುಕೊಂಡು ಓದಿದಳು. ಕೊನೆಗೆ ಹೇಳಿದಳು: “ಇನ್ಶೂರೆನ್ಸಿನೋರು ಬರೆದಿದ್ದಾರೆ. ಇನ್ಮೇಲೆ ನೀರಿನ ಕೆಲಸ ಅಂದ್ರೆ ಚೀಟಿ ಮೇಲೆ ಇಬ್ಬರ ಸಹಿ, ಇಬ್ಬರದೂ ನಿಜವಾದ್ದಿರಬೇಕು. ನಿಂಗೆ ಇನ್ನೊಂದು ತಿಂಗಳು ಪ್ರೊಬೇಷನ್. ಅವರಿಗೆ ಕ್ರಿಸ್ಮಸ್‌ವರೆಗೆ ಟೈಮ್ ಕೊಡ್ತೀನಿ. ಕೆಳಗೆ ಇಳಿದು ನೋಡೋಕೆ ಆಗತ್ತೆ ಅಂತ ನನ್ನ ಕಣ್ಣೆದುರು ತೋರಿಸ್ಲಿ, ಇರ್ಲಿ. ಆಗಲ್ಲ ಅಂದ್ರೆ ಅವರ ಸಹಿ ಇಟ್ಕೊಂಡು ನಾನೇನು ಮಾಡ್ಲಿ?”

ರಾಸ್ಕೊ ಅವರಿಗೆ ವ್ಯಾನಿನಲ್ಲಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಹೊಗಳುತ್ತಾರೆ ಅಂತಲೂ ಸ್ವಲ್ಪ ಅಂದುಕೊಂಡಿದ್ದೆ. ಎರಡೂ ಇಲ್ಲ.

“ತಪ್ಪು ಪೂರ್ತಿ ನೀನೇ ಹೊತ್ಕೊಂಡು ಬಂದ್ಯಾ? ನಾನು ಬಗ್ಗದೆ ಇದ್ದಿದ್ದು ನಿನ್ನ ಮಾತಿಗಲ್ಲ ಕಣಮ್ಮ, ನನ್ನ ಮಂಡಿಗೆ. ನೋವು ತಡೀಲಾರದೆ ಸುಳ್ಳು ಸಹಿ ಹಾಕ್ದೆ. ಮೂವತ್ತು ವರ್ಷದಲ್ಲಿ ಅದೊಂದೇ. ಅದು ನಂದು. ನಿಂದು ನೀನಿಟ್ಕೊ, ನಂದು ನಂಗೆ ಬಿಡು.”

ಮಿಸೆಸ್ ಜೀಲ್ಕೆ ಮನೆಗೂ ಹೋಗಿ ಬಂದೆ. ಬೈದರು. ಬೈದು ಮುಗಿದ ಮೇಲೆ ಕಾಫಿ ಕೊಟ್ಟರು.

ಡಿಸೆಂಬರ್ 5, ಗುರುವಾರ

ನಲವತ್ತನೇ ಫ್ಲ್ಯಾಟಿನಲ್ಲಿ ನಲ್ಲಿ ಬದಲಾಯಿಸಿದೆ. ರಾಸ್ಕೊ ನೋಡಲು ಇಳಿದರು. ನೋಡಿದರು, ಸರಿ ಇದೆ ಎಂದರು. ಏಳಲು ಆಗಲಿಲ್ಲ. ನಾನು ಕಂಕುಳಿಗೆ ಕೈ ಕೊಟ್ಟೆ, ಬೇಡ ಎಂದರು. ಗೋಡೆ ಹಿಡಿದು, ಸಿಂಕು ಹಿಡಿದು, ಬೆವರು ಒರೆಸಿಕೊಂಡು ಎದ್ದು ನಿಂತರು. ನಾಲ್ಕು ನಿಮಿಷ. ಸಹಿಯ ಅಕ್ಷರ ಮಾತ್ರ ಎಂದಿನ ಹಾಗೇ ದುಂಡಗಿತ್ತು.

ಕಿಟಕಿಯಾಚೆ ನೋಡುತ್ತ, “ಕ್ರಿಸ್ಮಸ್‌ಗೆ ಮುಗೀತು ಅನ್ಸತ್ತೆ ಕಣಮ್ಮ,” ಎಂದರು. ಅವರು ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಅವರಿಲ್ಲದ ವ್ಯಾನಿನಲ್ಲಿ ಕೂತು ನಾನು ಏನು ಮಾಡಲಿ?

ಡಿಸೆಂಬರ್ 10, ಮಂಗಳವಾರ

ಚಮಚ ಹುಡುಕುವಾಗ ಡ್ರಾಯರಿನಲ್ಲಿ ಬೆರಳಿಗೆ ಏನೋ ತಣ್ಣಗೆ ತಗುಲಿತು. ಕಾರ್ಖಾನೆಯ ಕನ್ನಡಿಯ ಉದ್ದ ಹಿಡಿ. ಸೂಪು ಆರಿಹೋಯಿತು, ಥೋರಕ್ಕ ಕೂಗುತ್ತಲೇ ಇದ್ದಳು.

ಡಿಸೆಂಬರ್ 18, ಬುಧವಾರ

ಎಂಟನೇ ಫ್ಲ್ಯಾಟು, ಡೆಲ್ಫೀನ್ ಮನೆ. ಚಾವಣಿಯ ಕಲೆಗೆ ಬಣ್ಣ ಬಳಿದಾಗಿದೆ. ಅವಳ ಗ್ರೈಂಡರೂ ಹದಿನೇಳು ವರ್ಷದ್ದು, ಬದಲಾಯಿಸಬೇಕಿತ್ತು. ನೋಡಲು ಕ್ಯಾಂಡೇಸ್ ಬಂದು ಫ್ರಿಜ್ಜಿಗೆ ಒರಗಿ ನಿಂತಿದ್ದಳು.

“ಇವಳೇ ಅಲ್ವಾ ನನ್ನ ತಲೆ ಮೇಲೆ ಮಳೆ ಸುರಿಸಿದವಳು?” ಡೆಲ್ಫೀನ್ ಬಾಗಿಲಲ್ಲೇ ತಡೆದಳು.

“ನಾನೇ,” ಎಂದೆ. “ಅದಕ್ಕೇ ಇವತ್ತು ಛತ್ರಿ ಬೇಕಾಗಲ್ಲ.”

ಬೈಯಲು ತೆರೆದ ಬಾಯಿಯಲ್ಲೇ ನಕ್ಕುಬಿಟ್ಟಳು.

ಕಪಾಟಿನದನ್ನೆಲ್ಲ ಒಂದೊಂದಾಗಿ ತೆಗೆದು ನೆಲದ ಮೇಲೆ ಅದೇ ಸಾಲಿನಲ್ಲಿ ಇಟ್ಟೆ. ಕಾಗದದ ಎರಡನೇ ಪುಟವನ್ನು ಗಟ್ಟಿಯಾಗಿ ಓದಿದೆ, ಎಲ್ಲರಿಗೂ ಕೇಳುವ ಹಾಗೆ. ಗ್ರೈಂಡರನ್ನು ಮೇಜಿನ ಮೇಲೆ ಮಲಗಿಸಿ ಎರಡು ಏಟು ಹಾಕಿದೆ. ಎಲ್ಲ ಜೋಡಿಸಿದ ಮೇಲೆ ಕುರ್ಚಿಯೊಂದನ್ನು ಸಿಂಕಿನ ಮುಂದೆ ಎಳೆದೆ.

ರಾಸ್ಕೊ ಕೋಲನ್ನು ಗೋಡೆಗೆ ಆನಿಸಿ, ಕೆಳಗೆ ಇಳಿಯಲು ತಯಾರಾಗಿ ಅಂಗಿಯ ತೋಳು ಮಡಚುತ್ತಿದ್ದರು. ಕ್ಯಾಂಡೇಸ್ ಕೈಕಟ್ಟಿಕೊಂಡಿದ್ದಳು.

“ಕೂತ್ಕೊಳ್ಳಿ,” ಎಂದೆ.

“ಮತ್ತೆ ಶುರು ಮಾಡಿದ್ಯಾ?”

“ಕೂತ್ಕೊಂಡು ನೋಡಿ ಅಂದೆ. ನೋಡದೇ ಸಹಿ ಹಾಕಿದ್ರೆ ಪೆನ್ನು ಕಿತ್ಕೊಳ್ತೀನಿ.”

ಕನ್ನಡಿಯನ್ನು ಅವರ ಕೈಗೆ ಕೊಟ್ಟೆ. ಉದ್ದ ಹಿಡಿಯನ್ನು ತಿರುಗಿಸಿ, ಮುರುಗಿಸಿ, ಇದೇನು ಎನ್ನುವಂತೆ ನೋಡಿದರು. ನಾನು ಮಲಗಿ ಟಾರ್ಚು ಬಿಟ್ಟೆ. “ಸ್ವಲ್ಪ ಎಡಕ್ಕೆ,” ಎಂದರು. ಎಡಕ್ಕೆ ಹಿಡಿದೆ. ಕನ್ನಡಿ ಕಪಾಟಿನೊಳಗೆ ಬಂದು ಗ್ರೈಂಡರಿನ ಹಿಂದೆ ಹೋಯಿತು. ಆ ಪುಟ್ಟ ಗಾಜಿನಲ್ಲಿ ಅವರ ಒಂದು ಕಣ್ಣು ನನಗೆ ಕಾಣುತ್ತಿತ್ತು. ಮೇಲಿನ ಬಳೆ, ಪುಟ್ಟಿಯ ಅಂಚು, ಮೋರಿಯ ಪೈಪು, ಕ್ಲಿಪ್ಪು. ಮಲಗಿದರೂ ಕಾಣದ ಹಿಂಬದಿ ಕೂಡ ಕುರ್ಚಿಯಲ್ಲಿ ಕೂತವರಿಗೆ ಕಂಡಿತು. ಹುಂ ಎಂದು ಗುನುಗಿದರು, ಅದೇ ಚರ್ಚಿನ ಹಾಡಿನ ಸಾಲು. ಆ ಸಾಲು ನನಗೆ ಈಗ ಬಾಯಿಪಾಠ.

“ಬಿರಡೆ?”

ಎಡಗೈ ಮುಷ್ಟಿ ಬಿಚ್ಚಿ ತೋರಿಸಿದೆ.

ಹಾಳೆ ಹಾಸಿ, ಡಿಶ್‌ವಾಶರನ್ನೂ ಓಡಿಸಿ, ಅರವತ್ತು ಎಣಿಸಿದೆವು. ಮೂವತ್ತರಿಂದಾಚೆ ಡೆಲ್ಫೀನೂ ದನಿ ಸೇರಿಸಿದಳು. ಒಣ ಹಾಳೆ. ಅವಳೇ ಸ್ವಿಚ್ಚು ಒತ್ತಿದಳು.

ಕ್ಯಾಂಡೇಸ್ ಕುರ್ಚಿಯ ಹತ್ತಿರ ಬಂದು ಕೈ ಚಾಚಿದಳು. “ಎಲ್ಲಿ, ನಾನೂ ನೋಡ್ಲಾ?” ಕನ್ನಡಿ ಹಿಡಿದು ಬಗ್ಗಿ, ಹಿಂಬದಿಯನ್ನು ಬಹಳ ಹೊತ್ತು ನೋಡಿದಳು. ವಾಪಸು ಕೊಟ್ಟು, “ಸಹಿ ಹಾಕಿ ರಾಸ್ಕೊ. ಜನವರಿ ಕೆಲಸದವರ ಪಟ್ಟೀಲಿ ಇಬ್ಬರ ಹೆಸರೂ ಬರ್ಕೋತೀನಿ,” ಎಂದು ಹೊರಟುಹೋದಳು.

ರಾಸ್ಕೊ ಸಹಿ ಹಾಕಿದರು. ಕನ್ನಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿ, ಮೇಲಿನ ಜೇಬಿಗೆ ಸಿಕ್ಕಿಸಿಕೊಂಡು, ಕೋಲು ಹಿಡಿದು ಮುಂದಿನ ಫ್ಲ್ಯಾಟಿಗೆ ನಡೆದರು.

ಕನ್ನಡಿ ಕೊಡಿ ಎಂದು ನಾನೂ ಕೇಳಲಿಲ್ಲ.